ಹತ್ತೂವರೆಗೆ ಬಂದ್ ಆದ ಕಂಪ್ಯೂಟರ್

ಜೂನ್ 9, ನಾಶಿಕ್
ಮತ್ತೆ ಸಂಭಾಜಿನಗರ ಪ್ಲಾಂಟಿನ ಅದೇ ಕಂಪ್ಲೇಂಟ್. ಟೆಸ್ಟಿಂಗ್ ಕಂಪ್ಯೂಟರ್ ದಿನಾ ತಾನಾಗಿಯೇ ಬಂದ್ ಆಗಿ ಶುರುವಾಗುತ್ತದೆ, ರೀಡಿಂಗ್ ಎಲ್ಲ ಹಾಳು. ಸಾತಪುರದ ಆಫೀಸಿನಲ್ಲೇ ಕೂತು, ಅದು ತಾನೇ ಬರೆದಿಡುವ ಲಾಗ್ ಎಳೆದುಕೊಂಡೆ. ದಿನವೂ ಬೆಳಿಗ್ಗೆ ಹತ್ತೂವರೆ ಸುಮಾರಿಗೆ ಪವರ್ ಹೋಗಿದೆ. ಯಾಕೆ? ಲಾಗ್ ಹೇಳುವುದಿಲ್ಲ. ಇದ್ದದ್ದನ್ನು ಇದ್ದಂತೆ ಬರೆದು ಕಳಿಸಿದೆ.

ಜೂನ್ 11
ಪ್ಲಾಂಟ್ ಮ್ಯಾನೇಜರ್ ಫೋನ್. ಹತ್ತೂವರೆ ಎಂದರೆ ಫಸ್ಟ್ ಶಿಫ್ಟ್, ಆಪರೇಟರ್ ವೈಜನಾಥ. ನಮ್ಮ ಭಾಲ್ಕಿ ಕಡೆಯವರು... ಹೋದ ಸಲ ನನ್ನ ಕನ್ನಡ ಕೇಳಿ ಎಷ್ಟು ಖುಷಿಪಟ್ಟಿದ್ದರು. ಅವರನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿದ್ದಾರಂತೆ. "ಉಸನೇ ಮಾನ್ ಲಿಯಾ, ನೀಲಾಂಬಿಕಾ."
ತಾನೇ ಮಾಡಿದ್ದೆಂದು ಒಪ್ಪಿಕೊಂಡರೇ? ಅಂಥವರು ಯಾಕೆ ಬಂದ್ ಮಾಡುತ್ತಾರೆ?

ಜೂನ್ 12
ಮನಸ್ಸು ತಡೆಯದೆ ಸಂಜೆ ಐದಕ್ಕೆ ಹೊಸ ಲಾಗ್ ತೆಗೆದೆ. ವೈಜನಾಥ ಇಲ್ಲ, ಕಂಪ್ಯೂಟರ್ ಇವತ್ತೂ ಬಂದ್ ಆಗಿದೆ! ಅದೇ ಹತ್ತೂವರೆಗೆ. ಲೈನಿನವರನ್ನು ಕೇಳಿದರೆ, ಮಧ್ಯಾಹ್ನದವರೆಗೂ ಚಾಲೂ ಇತ್ತು ಎನ್ನುತ್ತಾರೆ. ಯಾರು ಸರಿ?

ರಾತ್ರಿ—
ಲಾಗಿನಲ್ಲಿ ಸಮಯದ ಕೊನೆಗೆ ಒಂದು ಪುಟ್ಟ ಝಡ್. ಅದು ನಮ್ಮ ಸಮಯವೇ ಅಲ್ಲ, ಯುಟಿಸಿ, ಅಂದರೆ ಜಾಗತಿಕ ಸಮಯ. ಐದೂವರೆ ತಾಸು ಕೂಡಿಸಬೇಕಿತ್ತು. ಸಂಜೆ ನಾಲ್ಕು. ಆ ಹೊತ್ತಿಗೆ ವೈಜನಾಥ ಮನೆ ಸೇರಿರುತ್ತಾರೆ. ಕೂಡಿಸಲಿಲ್ಲ ನಾನು.
ಹಾಗಾದರೆ ಮಾಡದ್ದನ್ನು ಯಾಕೆ ಒಪ್ಪಿಕೊಂಡರು?

ಜೂನ್ 13, ಸಂಭಾಜಿನಗರ
ಬಸ್ಸಿನಲ್ಲಿ ಬಂದೆ. ನಾಲ್ಕಕ್ಕೆ ಲೈನಿನಲ್ಲಿ ನಿಂತೆ. ಟೀ ಬ್ರೇಕ್, ಎಲ್ಲ ಆಚೆ. ಸೆಕೆಂಡ್ ಶಿಫ್ಟಿಗೆಂದು ಹೊಸದಾಗಿ ಇಟ್ಟ ಚಹಾ ಬಾಯ್ಲರ್ ಸ್ವಿಚ್ ಹಾಕಿದರು—ಸ್ಕ್ರೀನ್ ಕಪ್ಪು. ಎರಡಕ್ಕೂ ಒಂದೇ ವೈರು, ಯುಪಿಎಸ್ ಬ್ಯಾಟರಿ ಸತ್ತಿದೆ.
"ಟೈಮ್ ತಪ್ಪು ಓದಿದ್ದು ನಾನು" ಎಂದೆ. ಮ್ಯಾನೇಜರ್, "ಬುಲಾ ಲೋ ಉಸಕೋ" ಎಂದರು, ವಾಪಸ್ ಕರೆಸು ಎಂದು.
ಸೀದಾ ವೈಜನಾಥರ ಮನೆಗೆ. ಹೆಂಡತಿ ಭಾಗ್ಯಶ್ರೀ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು.
"ಮತ್ಯಾಕ್ ಒಪ್ಪಿಕೊಂಡ್ರಿ ಅಣ್ಣಾ?" ವೈಜನಾಥರನ್ನು ಕೇಳಿದೆ.
"ಕಂಪ್ಯೂಟರ್‌ನಾಗ ಟೈಮ್ ಸುದ್ದಾ ಬಂದದ ಅಂದ್ರು ಮ್ಯಾಡಮ್. ಮೊದ್ಲು ನಾ ಅಲ್ಲ ಅಂದೆ. ಮತ್ತ ಮತ್ತ ಕೇಳಿದ್ರು. ನನಗೇ ಡೌಟ್ ಬಂತ್ರಿ... ಕಾಲ್ ತಾಕಿ ವೈರ್ ಅಲುಗಾಡಿರಬೇಕು ಅನಸ್ತು."
"ಇಲ್ರಿ. ತಪ್ಪು ನಂದು. ಡ್ಯೂಟಿಗೆ ಬರ್ರಿ."
ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಭಾಗ್ಯಶ್ರೀ ಮಾತ್ರ ಒಳಗೆ ಹೋಗಿಬಿಟ್ಟರು.

ಜೂನ್ 16, ನಾಶಿಕ್
ಬಾಯ್ಲರ್ ಬೇರೆ ಕಡೆ ಹೋಗಿದೆ. ಕಂಪ್ಯೂಟರ್ ಸರಿ ಇದೆ. ವೈಜನಾಥರ ಫೋನ್ ಬಂತು. ವೈರಿಗೆ ಕಾಲು ತಾಕೀತೆಂದು ಕುರ್ಚಿ ದೂರ ಸರಿಸಿ ನಿಂತೇ ಕೆಲಸ ಮಾಡುತ್ತಾರಂತೆ.
"ಮ್ಯಾಡಮ್... ಖರೇನೇ ನಾ ಅಲ್ಲೇನ್ರಿ?"
ಅಲ್ಲ ಎಂದೆ. ಇನ್ನೊಮ್ಮೆ ಹೇಳಿದೆ. "ಆದ್ರೂ ದೂರನೇ ನಿಂತಿರ್ತೀನ್ರಿ" ಎಂದರು.
ಲಾಗ್ ತೋರಿಸಿದರೆ ನಂಬಿಯಾರು. ಆದರೆ ಲಾಗ್ ನಂಬಿಯೇ ಅಲ್ಲವೇ ಅವರು ಮಾಡದ್ದನ್ನು ಒಪ್ಪಿಕೊಂಡದ್ದು.