ಆಲ್ಬರಿಯಲ್ಲಿ ಹಿಡಿದ ಸೀಟು

ಜುಲೈ, 1934
(ಊರಿನ ಹೆಸರು ಬರೆಯುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ)

ಪ್ರೀತಿಯ ಅತ್ತೆಗೆ,

ನಾನೂ ಮಗುವೂ ಕ್ಷೇಮ. ಡಲ್ಸಿಯ ಕೆಮ್ಮು ಮಾತ್ರ ಬಿಟ್ಟಿಲ್ಲ. ಈ ಪತ್ರ ಪಕ್ಕದ ಮನೆಯ ಡಾಯ್ಲ್ ಅವರ ಹೆಸರಿಗೆ ಬರುತ್ತದೆ. ಓದಿದ ಮೇಲೆ ಒಲೆಗೆ ಹಾಕಿಬಿಡಿ.

ದಾರಿಯುದ್ದಕ್ಕೂ ನಿಮ್ಮನ್ನು ಬೈದುಕೊಂಡೇ ಹೋದೆ, ಅತ್ತೆ. ನಾನು ಸೂಟ್‌ಕೇಸಿನ ಪಟ್ಟಿ ಬಿಗಿಯುತ್ತಿದ್ದಾಗ ನೀವು ಒಗೆದ ಬಟ್ಟೆ ಹಿಡಿದು ಹಿತ್ತಿಲ ಬಾಗಿಲಲ್ಲಿ ನಿಂತಿದ್ದಿರಿ. ಒಂದು ಮಾತೂ ಆಡದೆ ಟೋಪಿ ಹಾಕಿಕೊಂಡು ಅಂಚೆ ಕಚೇರಿಯ ಕಡೆ ನಡೆದಿರಿ. ಮಗ ಆರ್ಚಿಗೆ ಸುದ್ದಿ ಮುಟ್ಟಿಸಲು ಹೊರಟರು, ಇನ್ನೇನು, ಎಂದುಕೊಂಡೆ. ಆರ್ಚಿ ನನಗೆ ಹೊಡೆದದ್ದನ್ನೆಲ್ಲ ನುಂಗಿಕೊಂಡಿದ್ದೆ. ಡಲ್ಸಿಯ ಮೇಲೆ ಕೈ ಮಾಡಿದ ದಿನ ನುಂಗಲಾಗಲಿಲ್ಲ. ಮನೆ ಬಿಟ್ಟರೆ ಮಗುವನ್ನು ಕಿತ್ತುಕೊಳ್ಳುತ್ತೇನೆ, ಮತ್ತೆ ಅವಳ ಮುಖವನ್ನೂ ತೋರಿಸುವುದಿಲ್ಲ ಎಂದು ಅವನು ಕೂಗಿದ್ದು ನಿಮಗೂ ಕೇಳಿಸಿತ್ತಲ್ಲ.

ಸಿಡ್ನಿಯಲ್ಲಿ ರೈಲು ಹೊರಡುವಾಗ ಅವನು ಓಡಿಬಂದು ಕೊನೆಯ ಡಬ್ಬಿ ಹತ್ತಿದ್ದನ್ನು ಕಂಡೆ. ನಾವಿದ್ದದ್ದು ಹೆಂಗಸರ ಡಬ್ಬಿ. ರೈಲು ನಿಂತಲ್ಲೆಲ್ಲ ಪರದೆ ಎಳೆದು ಕೂತೆ. ಆದರೆ ಆಲ್ಬರಿಯಲ್ಲಿ ಏನು ಮಾಡಲಿ? ಎರಡು ರಾಜ್ಯಗಳ ಹಳಿಗಳ ಅಗಲ ಹೊಂದದಿರುವುದರಿಂದ ಅಲ್ಲಿ ಎಲ್ಲರೂ ಇಳಿದು, ಪ್ಲಾಟ್‌ಫಾರ್ಮ್ ದಾಟಿ, ಆಚೆ ಬದಿಯ ಮೆಲ್ಬರ್ನ್ ರೈಲು ಹತ್ತಲೇಬೇಕು. ದೊಡ್ಡ ಮನುಷ್ಯರು ಒಂದೇ ಅಳತೆಯ ಹಳಿ ಹಾಕಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಬೆಳಿಗ್ಗೆ ಇಳಿದರೆ ಎದುರಿಗೇ ನಿಮ್ಮ ಕಿರಿಯ ಮಗ ಲೆಸ್, ಪೋರ್ಟರ್ ಟೋಪಿ ಹಾಕಿಕೊಂಡು ನಿಂತಿದ್ದ.

"ಅತ್ತಿಗೆ, ಅಮ್ಮನ ತಂತಿ ಬಂತು. ಸೂಟ್‌ಕೇಸ್ ಕೊಡಿ ಇಲ್ಲಿ," ಎಂದ.

ನನ್ನನ್ನು ಹಿಡಿದಿಡಲೆಂದೇ ನೀವು ತಂತಿ ಕೊಟ್ಟಿದ್ದೀರಿ ಎಂದುಕೊಂಡೆ. ಕೊಡುವುದಿಲ್ಲ ಎಂದೆ.

"ಜಗಳಕ್ಕೆ ಪುರುಸೊತ್ತಿಲ್ಲ. ಮಗೂನ ಎತ್ಕೊಂಡು ಸಾಮಾನಿನ ಕೋಣೆಗೆ ನಡೀರಿ," ಎಂದು ಕಿತ್ತುಕೊಂಡೇಬಿಟ್ಟ.

ಮೂಟೆಗಳ ಹಿಂದೆ ಕುಕ್ಕರಿಸಿದೆ. ಬಾಗಿಲ ಸಂದಿಯಿಂದ ನೋಡಿದರೆ, ಲೆಸ್ ನನ್ನ ಸೂಟ್‌ಕೇಸನ್ನು ಮೆಲ್ಬರ್ನ್ ರೈಲಿನ ಕಿಟಕಿ ಪಕ್ಕದ ಸೀಟಿನ ಮೇಲೆ ಇಡುತ್ತಿದ್ದ. ಆಲ್ಬರಿಯಲ್ಲಿ ಎಲ್ಲರೂ ಮಾಡುವುದು ಅದನ್ನೇ ಅಲ್ಲವೇ, ಸೀಟಿಗೆ ಸಾಮಾನು ಹಾಕಿ ಚಹಾಕ್ಕೆ ಓಡುವುದು. ಅಷ್ಟರಲ್ಲಿ ಆರ್ಚಿ ಬಂದ.

"ಎಲ್ಲೋ ಅವಳು?"

"ಮಗೂಗೆ ಹಾಲು ತರೋಕೆ ಹೋಗಿದಾರೆ ಅಣ್ಣ. ಸೀಟು ಹಿಡಿದಾಗಿದೆ, ಇನ್ನೆಲ್ಲಿಗೆ ಹೋಗ್ತಾರೆ? ಅದರ ಪಕ್ಕ ಕೂತಿರು. ಅಷ್ಟು ಜನರ ಮುಂದೆ ರಂಪ ಮಾಡಿ ಮಾನ ಕಳ್ಕೋಬೇಡ."

ಆರ್ಚಿ ಸೂಟ್‌ಕೇಸಿನ ಮೇಲೆ ಕೈಯಿಟ್ಟು ಕೂತ. ಆಗಲೇ ಡಲ್ಸಿಗೆ ಕೆಮ್ಮು ಬರಬೇಕೇ! ಅವಳ ಬಾಯನ್ನು ನನ್ನ ಕೋಟಿಗೆ ಒತ್ತಿಕೊಂಡೆ. ಪುಟ್ಟ ಮೈಯೆಲ್ಲ ನಡುಗಿತು. ಗಂಟೆ ಹೊಡೆಯಿತು. ಚಹಾ ಕುಡಿದವರೆಲ್ಲ ಓಡಿಬಂದು ಹತ್ತಿದರು. ಆರ್ಚಿ ಎದ್ದು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ.

"ಅತ್ತಿಗೆ ಹಿಂದಿನ ಡಬ್ಬಿ ಹತ್ತಿದ್ರು, ಕೂತ್ಕೋ ಅಣ್ಣ!" ಎಂದು ಲೆಸ್ ಬಾಗಿಲು ಜಡಿದ.

ರೈಲು ಹೊರಟಿತು, ಆರ್ಚಿಯನ್ನೂ ನನ್ನ ಬಟ್ಟೆಬರೆಯನ್ನೂ ಹೊತ್ತುಕೊಂಡು. ಅದರ ಸದ್ದು ಪೂರ್ತಿ ಅಡಗುವವರೆಗೂ ನಾನು ಏಳಲಿಲ್ಲ. ಆಮೇಲೆ ಲೆಸ್ ತಂತಿಯಲ್ಲಿ ಏನಿತ್ತೆಂದು ಹೇಳಿದ: 'ಎನಿಡ್ ಬರುತ್ತಿದ್ದಾಳೆ. ದಾಟಿಸು.' ಆರ್ಚಿಗೆ ಸುದ್ದಿ ಕೊಟ್ಟವನು ಅವನ ಕುಡಿತದ ಗೆಳೆಯನಂತೆ, ನನ್ನನ್ನು ಸಿಡ್ನಿ ನಿಲ್ದಾಣದಲ್ಲಿ ಕಂಡಿದ್ದನಂತೆ; ಸೀಟಿನಲ್ಲಿ ಕೂತಾಗ ಆರ್ಚಿಯೇ ಲೆಸ್‌ಗೆ ಹೇಳಿದನಂತೆ. ಮೂಟೆಗಳ ನಡುವೆಯೇ ಕೂತು ಗೊಳೋ ಎಂದು ಅತ್ತುಬಿಟ್ಟೆ. ನಿಮ್ಮನ್ನು ಎಷ್ಟೆಲ್ಲ ಬೈದಿದ್ದೆ!

ಲೆಸ್ ನಮ್ಮನ್ನು ಹಾಲಿನ ಲಾರಿಯಲ್ಲಿ ಇಲ್ಲಿಗೆ ಕಳಿಸಿದ. ಒಂದು ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದೆ. ನೀವು ಹೊಲಿದುಕೊಟ್ಟ ಬಟ್ಟೆಗೊಂಬೆ ಸೂಟ್‌ಕೇಸಿನ ಜೊತೆಗೇ ಹೋಯಿತು. ಅಜ್ಜಿ ಇನ್ನೊಂದು ಹೊಲಿಯುತ್ತಾಳೆ ಎಂದು ಡಲ್ಸಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾಳೆ.

ನಿಮ್ಮ ಸೊಸೆ,
ಎನಿಡ್

ಮರೆತಿದ್ದೆ: ನಿಮ್ಮ ಕಿರುಬೆರಳು ಬಟ್ಟೆ ಹಿಂಡುವ ಯಂತ್ರಕ್ಕೆ ಸಿಕ್ಕಿ ಸೊಟ್ಟಗಾಯಿತು ಎಂದಿದ್ದಿರಿ. ಅದನ್ನು ಮುರಿದದ್ದು ಆರ್ಚಿ ಎಂದು ಲೆಸ್ ಹೇಳಿದ. ಬಂದುಬಿಡಿ ಅತ್ತೆ. ಸಾಮಾನು ತರಬೇಡಿ, ಆಲ್ಬರಿಯಲ್ಲಿ ಲೆಸ್ ಇರುತ್ತಾನೆ. ಇಲ್ಲಿ ಮಂಚದ ಗೋಡೆಬದಿಯಲ್ಲಿ ನಿಮಗೆ ಜಾಗ ಹಿಡಿದಿದ್ದೇನೆ. ಅದರ ಮೇಲೆ ನನ್ನ ಕೋಟು ಹಾಕಿಟ್ಟಿದ್ದೇನೆ.