ಒಂದು ಫ್ರೇಮ್ ಕಮ್ಮಿ

ಮಾರ್ಚ್ 15, ಭಾನುವಾರ

ಗೋದಾಮಿನ ಹಿಂದೆ ಮತ್ತೆ ಎಸೆತ. ಭುಜ ಬಿಗಿ, ನೋವಿಲ್ಲ. ಆಪರೇಷನ್ ಆಗಿ ವರ್ಷವಾಯ್ತು. ಟೀಮಿಗೆ ವಾಪಸ್ ಹೋಗಬೇಕಾದರೆ ಬೇಸ್‌ಬಾಲ್ ಗಂಟೆಗೆ ನೂರೈದು ಕಿಲೋಮೀಟರ್ ಹೋಗಬೇಕು. ಕೋಚ್ ಮಾತು.

ವೇಗ ಅಳೆಯೋ ಸ್ಪೀಡ್ ಗನ್ ನಮಗೆಲ್ಲಿಂದ... ಇವರು ಚೆಂಡು ಹಿಡಿಯೋದು, ಅತ್ತೆ ಪಕ್ಕದಲ್ಲಿ ನಿಂತು ಫೋನಲ್ಲಿ ವಿಡಿಯೋ ತೆಗೆಯೋದು. ಕೈ ಬಿಟ್ಟಲ್ಲಿಂದ ಗ್ಲೌಸ್‌ಗೆ ಬೀಳೋವರೆಗೆ ಎಷ್ಟು ಫ್ರೇಮ್ ಅಂತ ಎಣಿಸ್ತೀವಿ. ಫೋನ್ ತೆಗೆಯೋದು ಸೆಕೆಂಡಿಗೆ ಅರವತ್ತು. ಇವತ್ತು ಮೂವತ್ತೇಳು ಬಂತು. ಎಸೆಯೋ ಗೆರೆಯಿಂದ ಗ್ಲೌಸ್‌ಗೆ ದೂರ ಹದಿನೆಂಟೂವರೆ ಮೀಟರ್. ಲೆಕ್ಕ ಹಾಕಿದರೆ — ನೂರೆಂಟು.

ಕಾಲು ನೆಲದ ಮೇಲಿಲ್ಲ.

ಮಾರ್ಚ್ 17

ಕನ್ನಡಕದಂಗಡಿಯಲ್ಲಿ ಗಿರಾಕಿ ಇಲ್ಲದಾಗ ವಿಡಿಯೋ ಮತ್ತೆ ನೋಡಿದೆ. ಚೆಂಡು ಬಿಡೋದು ಗೆರೆ ಮೇಲಿಂದಲ್ಲ, ಹೆಜ್ಜೆ ಮುಂದಿಟ್ಟು, ಕೈ ಚಾಚಿ. ಸಂಜೆ ಟೇಪ್ ಹಿಡಿದು ಅಳೆದೆ. ಒಂದೂವರೆ ಮೀಟರ್ ಮುಂದೆ. ಅಂದರೆ ದೂರ ಹದಿನೇಳೇ. ವೇಗ ತೊಂಬತ್ತೊಂಬತ್ತು.

ಊಟಕ್ಕೆ ಕೂತಾಗ ಹೇಳಿದೆ. ಇವರು, "ನಮ್ಮದು ಸರಾಸರಿ ಕಣೆ. ಗನ್ ತೋರಿಸೋದು ಕೈ ಬಿಟ್ಟ ಕ್ಷಣದ್ದು. ಆಮೇಲೆ ಗಾಳಿ ತಡೆಯುತ್ತಲ್ಲ. ಮೂರ್ನಾಲ್ಕು ಸೇರಿಸ್ಕೋ" ಅಂದರು.

"ಸೇರಿಸಿದ್ರೂ ನೂರಮೂರು."

"ನೂರೆಂಟು ಅಂತಾನೇ ಅಂದ್ಕೊಂಡು ಟ್ರಯಲ್‌ಗೆ ಹೋಗು. ಧೈರ್ಯ ಇರುತ್ತೆ."

ಬೇಡ. ನನಗೆ ನಾನೇ ಟೋಪಿ ಹಾಕಿಕೊಳ್ಳೋದು ಬೇಡ. ಒಂದು ಫ್ರೇಮ್ ಕಮ್ಮಿಯಾದರೆ ನೂರ ಆರು. ಒಂದೇ ಒಂದು.

ಮಾರ್ಚ್ 29

ಟ್ರಯಲ್. ಗನ್ ತೋರಿಸಿದ್ದು ನೂರೆರಡು, ನೂರಮೂರು, ನೂರೆರಡು. ನಮ್ಮ ಲೆಕ್ಕ ಸುಳ್ಳಾಗಲಿಲ್ಲ. ಅದೇ ಸಂಕಟ.

"ನಿಮ್ಮ ವಯಸ್ಸಲ್ಲಿ ಇದೇ ಹೆಚ್ಚು. ಮಕ್ಕಳಿಗೆ ಹೇಳ್ಕೊಡಿ" ಅಂದರು ಕೋಚ್.

"ಮುಂದಿನ ಟ್ರಯಲ್ ಯಾವಾಗ ಸರ್?"

"ಜೂನ್."

"ಬರ್ತೀನಿ."

ಬಸ್ಸಲ್ಲಿ ಅತ್ತುಬಿಟ್ಟೆ. ಅತ್ತೆ ನನ್ನ ಬ್ಯಾಗು ತಮ್ಮ ತೊಡೆ ಮೇಲಿಟ್ಟುಕೊಂಡು ಕಿಟಕಿ ಕಡೆ ತಿರುಗಿ ಕೂತರು.

ಮಾರ್ಚ್ 30

ಎಸೆಯಲಿಲ್ಲ.

ಏಪ್ರಿಲ್ 2

ಎಸೆದೆ. ಮೂವತ್ತೆಂಟು.

ಫಿಸಿಯೋ ಮೇಡಂ ವಿಡಿಯೋ ನೋಡಿ, "ಭುಜಾನ ಯಾಕೆ ಹಿಂಸೆ ಮಾಡ್ತೀರಿ? ಕಾಲು ಸುಮ್ಮನೆ ನಿಂತಿದೆ" ಅಂದರು. ಸರಿ. ಇನ್ನು ಕಾಲಿನ ಸರದಿ. ಅತ್ತೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗೋವರೆಗೂ ನನ್ನ ಕೈಲಿ ಬಸ್ಕಿ ಹೊಡೆಸ್ತಾರೆ. "ಇನ್ನೂ ಒಂದು ಸೀಟಿ ಬಾಕಿ, ಬಗ್ಗು."

ಮೇ 24, ಭಾನುವಾರ. ಬೆಳಿಗ್ಗೆ

ಇಷ್ಟು ದಿನ ಬರೆಯೋಕೆ ಏನಿತ್ತು... ಮೂವತ್ತೇಳು, ಮೂವತ್ತೇಳು, ಮತ್ತೆ ಮೂವತ್ತೇಳು.

ಗೋದಾಮಿನ ಮೆಟ್ಟಿಲ ಮೇಲೆ ಕೂತಿದ್ದೀನಿ. ಈಗಷ್ಟೇ ಎಸೆದದ್ದು ಅತ್ತೆ ಎಣಿಸಿದರು. ಮಗನ ಕೈಗೆ ಫೋನ್ ಕೊಟ್ಟರು. ಇವರೂ ಎಣಿಸಿದರು. "ನೀನೇ ನೋಡು" ಅಂತ ತಂದು ಕೊಟ್ಟರು. ಬೆರಳಲ್ಲಿ ಒಂದೊಂದೇ ಸರಿಸಿದೆ. ಮೂವತ್ತೈದು, ಗಾಳಿಯಲ್ಲಿ. ಮೂವತ್ತಾರು, ಗ್ಲೌಸೊಳಗೆ.

"ಸಾಕಲ್ವಾ?" ಅಂದರು ಇವರು.

ಸಾಲದು. ಒಂದು ಸಲ ಬಂದರೆ ಅದೃಷ್ಟ ಅಂತಾರೆ. ನೀರು ಕುಡಿದಾಯ್ತು. ಅತ್ತೆ ಫೋನ್ ಎತ್ತಿ ನಿಂತಿದ್ದಾರೆ, ಇವರು ಗ್ಲೌಸ್ ಹಾಕಿ ಕೂತರು. ಉಳಿದದ್ದು ಆಮೇಲೆ, ಈಗ —