ಖಂಡೇನವಮಿಗೆ ತೊಳೆದ ಗಾಡಿ

ಜೊಯಿಡಾ
೧೪ ಸೆಪ್ಟೆಂಬರ್ ೨೦೨೫

ವಿಠ್ಠಲ ಅವರಿಗೆ ರಾಜಶ್ರೀಯ ನಮಸ್ಕಾರ.

ಮೊದಲ ಸಲ ನಿಮ್ಮ ಹೆಸರು ಹಿಡಿದು ಬರೆಯುತ್ತಿದ್ದೇನೆ. ಎರಡು ವರ್ಷ ಬೇರೆ ಇದ್ದ ಮೇಲೆ ಗಂಡನನ್ನು ಇನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ.

ನೀವು ಬಿಟ್ಟುಹೋದ ವಿದೇಶಿ ಗಾಡಿ ಮೊನ್ನೆ ದಾಂಡೇಲಿ ರಸ್ತೆಯಲ್ಲಿ ನಿಂತುಬಿಟ್ಟಿತು. ಒಳಗೆ ನಮ್ಮ ಹೋಮ್‌ಸ್ಟೇಗೆ ಬರುತ್ತಿದ್ದ ಗದಗದ ದಂಪತಿ ಇದ್ದರು. ಠೀವಿಯಿಂದ ಗಾಡಿ ಹತ್ತಿದವರು ಕೊನೆಗೆ ಬಸ್ಸಿಗೆ ಕೈ ಮಾಡಿ ಬಂದರು. ದಾಂಡೇಲಿಯ ಮೆಕ್ಯಾನಿಕ್ ಆಶಿಕ ಗಾಡಿ ಎಳೆಸಿಕೊಂಡು ಹೋದ. ಗೇರ್ ಆಯಿಲ್ ಸುಟ್ಟು ಕರ್ರಗಾಗಿ ಗೇರ್‌ಬಾಕ್ಸೇ ಹೋಗಿದೆಯಂತೆ.

ಈ ಗಾಡಿ ಮಾರುವ ನಿಮ್ಮ ಕಂಪನಿ ಇನ್ನೊಂದು ಕಂಪನಿಯಲ್ಲಿ ವಿಲೀನವಾದಾಗ ಗಾಡಿ ಅದೇ ಇತ್ತು, ಸರ್ವಿಸ್ ಪುಸ್ತಕ ಮಾತ್ರ ಹೊಸದು ಬಂತು. ಗೇರ್ ಆಯಿಲ್ ಬದಲಿಸುವುದೇ ಬೇಡ, ಗಾಡಿ ಇರುವ ತನಕ ಅದೇ ಸಾಕು ಎಂದಿತ್ತು ಅದರಲ್ಲಿ. ಖರ್ಚು ಕಡಿಮೆ ಅಂತ ತೋರಿಸಿದರೆ ಗಾಡಿ ಮಾರಾಟವಾಗುತ್ತವೆ ಎಂದು ನೀವೇ ನಕ್ಕಿದ್ದಿರಿ. ಆಮೇಲೆ ಹುಬ್ಬಳ್ಳಿಯ ಕೌಂಟರಿನಲ್ಲಿ ಕೂತು ಗಿರಾಕಿಗಳಿಗೆ ಅದನ್ನೇ ಹೇಳಿದಿರಿ. ಅದು ಹೊಟ್ಟೆಪಾಡು ಎನ್ನೋಣ. ಆದರೆ ಊಟಕ್ಕೆ ಕೂತಾಗ ನಾನು ಕೇಳಿದರೂ, "ನಮ್ಮ ಗಾಡಿಗೂ ಬ್ಯಾಡ ಬಿಡು, ಪುಸ್ತಕದಾಗ ಹಂಗ ಐತಿ" ಎಂದಿರಿ. ನಾನು ನಂಬಿದೆ.

ಹುಬ್ಬಳ್ಳಿ ಶಾಖೆ ಮುಚ್ಚಿ ನಿಮ್ಮನ್ನು ಪುಣೆಗೆ ಹಾಕಿದಾಗಲೂ ನೀವು ಕಂಪನಿಯ ಕಡೆಗೇ ಹೋದಿರಿ. ನಾನು ಗಾಡಿಯನ್ನು ಕಡೆಗಣಿಸಲಿಲ್ಲ. ಖಂಡೇನವಮಿ ಬಂತೆಂದರೆ ನೀವು ದಾಂಡೇಲಿಗೆ ಒಯ್ದು ತೊಳೆಸಿ ತರುತ್ತಿದ್ದಿರಿ. ನೀವು ಹೋದ ಮೇಲೆ ನಾನು ಅಂಗಳದಲ್ಲೇ ಪೈಪು ಹಿಡಿದು ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಗಾಲಿಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದೆ.

ದಸರೆಗೆ ಮನೆಗೆ ಬರಲೇ, ಮತ್ತೆ ಕೂಡಿ ಇರೋಣವೇ ಎಂದು ಕೇಳಿದ್ದೀರಿ. ಬೇಡ. ಕಂಪನಿಯ ಮಾತನ್ನು ಹೆಂಡತಿಯ ಮುಂದೂ ಆಡುವವರ ಜೊತೆ ಬಾಳುವುದು ನನ್ನಿಂದ ಆಗದು. ಸಿಟ್ಟಿನಿಂದ ಬರೆಯುತ್ತಿಲ್ಲ, ತೀರ್ಮಾನ ಮಾಡಿಯೇ ಬರೆಯುತ್ತಿದ್ದೇನೆ.

'ನಿಮ್ಮವಳು' ಎಂದು ಬರೆಯಲಾರದ
ರಾಜಶ್ರೀ

ತಾ.ಕ.: ರೀ, ಲಕೋಟೆ ಅಂಟಿಸುವ ಮೊದಲು ಆಶಿಕನ ಗ್ಯಾರೇಜಿಗೆ ಹೋಗಿ ಬಂದೆ. ಅವನು ಕೇಳಿದ, "ಭಾಬಿ, ಸಾಹೇಬ್ರು ಹೋದ ಮ್ಯಾಲೆ ಖಂಡೇನವಮಿಗೆ ಗಾಡಿ ಯಾಕ ತರಲಿಲ್ರಿ? ಪ್ರತಿ ವರ್ಷಾ ಆವಾಗ ನಾನ ಗೇರ್ ಆಯಿಲ್ ಬದಲಿ ಮಾಡ್ತಿದ್ದೆ." ತೊಳೆಸಲು ತರುತ್ತಿದ್ದರಲ್ಲವೇ ಎಂದೆ. "ತೊಳಿಯೂದು ನೆವಾ ರೀ. ನಿಮಗ ಹೇಳಬ್ಯಾಡ ಅಂದಿದ್ರು. ನೀವು ಬಂದ ಗೆಸ್ಟಿಗೆಲ್ಲಾ ಹೇಳ್ತೀರಿ, ಕಂಪನಿಗೆ ಗೊತ್ತಾದ್ರ ನೌಕರಿ ಹೋಗ್ತೈತಿ ಅಂತ."

ಹೇಳುತ್ತಿದ್ದೆ, ಖರೆ. ಆದರೂ ಹೋಗುವಾಗಲಾದರೂ ಒಂದು ಮಾತು ಹೇಳಬಾರದಿತ್ತೇ? ಆಶಿಕನ ಗ್ಯಾರೇಜಿನಲ್ಲೇ ಕೂತು ಅತ್ತೆ. ಮೇಲೆ ಬರೆದದ್ದನ್ನು ಹರಿದು ಹಾಕುವುದಿಲ್ಲ, ಮುಚ್ಚಿಟ್ಟದ್ದಕ್ಕೆ ನೀವು ಅದನ್ನು ಪೂರ್ತಿ ಓದಬೇಕು. ಓದಿ, ಖಂಡೇನವಮಿಗೆ ಎರಡು ದಿನ ಮೊದಲೇ ಬನ್ನಿ. ಗಾಡಿ ತೊಳೆಸಬೇಕು.